ಕನ್ನಡದಲ್ಲಿ ಶುರುವಾದ ಟಿವಿ ಮಲೆನಾಡಿಗೆ ಬರುವಷ್ಟರಲ್ಲಿ ಹಿಂದಿ ಕಲಿತಿತ್ತು

2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್‌ನ ಕೆಂಪು ಲೋಗೋ ಕೇಸರಿಯಾದಾಗ ದೊಡ್ಡ ಗದ್ದಲವಾಯಿತು. ಆಗಬೇಕಾದ್ದೇ. ಆದರೆ ದೂರದರ್ಶನದಲ್ಲಿ ಬಣ್ಣಕ್ಕಿಂತ ಹಳೆಯ ಜಗಳವೊಂದಿದೆ: ರಾತ್ರಿ ಊಟದ ಹೊತ್ತಿನ ಟಿವಿ ಯಾವ ಭಾಷೆಯದ್ದು? ಅದನ್ನು ತೀರ್ಮಾನ ಮಾಡೋರು ಯಾರು?

ಕರ್ನಾಟಕದಲ್ಲಿ ಟಿವಿ ಶುರುವಾದದ್ದು ಬೆಂಗಳೂರಿನಿಂದ ಅಲ್ಲ. ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಂದ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, 1975ರ ಆಗಸ್ಟ್ 1ರಿಂದ ಇಸ್ರೋ ನಡೆಸಿದ 'ಸೈಟ್' ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ 10 ಅಡಿ ಅಗಲದ ಡಿಶ್, ಊರಿಗೊಂದು ಟಿವಿ, ಅದರ ಮುಂದೆ ಊರಿನ ಜನ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲೇ. ದೆಹಲಿಯ ಹಿಂದಿಗೂ ದಿನಕ್ಕೆ ಅರ್ಧ ಗಂಟೆಯಿತ್ತು. ಎಮರ್ಜೆನ್ಸಿಯ ಕಾಲ, ಸರ್ಕಾರದ್ದೇ ಪೆಟ್ಟಿಗೆ. ಹಾಗಾಗಿ ಇದನ್ನು ಸುವರ್ಣಯುಗ ಅನ್ನೋಕೆ ಹೋಗಬೇಡಿ. ಆದರೂ ಹಳ್ಳಿಯವರ ಜೊತೆ ಅವರ ಭಾಷೆಯಲ್ಲೇ ಮಾತಾಡಬೇಕು ಎಂಬ ಲೆಕ್ಕಾಚಾರ ಅಲ್ಲಿತ್ತು.

1976ರಲ್ಲಿ ಉಪಗ್ರಹ ವಾಪಸ್ ಹೋಯಿತು. 1977ರಲ್ಲಿ ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು, 1981ರಲ್ಲಿ ಬೆಂಗಳೂರು ಕೇಂದ್ರ.

1982ರ ಆಗಸ್ಟ್ 15ರಂದು ಲೆಕ್ಕಾಚಾರವೇ ಬದಲಾಯಿತು. 'ರಾಷ್ಟ್ರೀಯ ಕಾರ್ಯಕ್ರಮ' ಮತ್ತು ಬಣ್ಣದ ಟಿವಿ ಒಟ್ಟಿಗೇ ಬಂದವು. ನವೆಂಬರ್‌ನಲ್ಲಿ ಏಷ್ಯನ್ ಗೇಮ್ಸ್ ಇತ್ತಲ್ಲ, ಅವಸರ. ರಾತ್ರಿಯ ಒಳ್ಳೆಯ ಹೊತ್ತು ದೆಹಲಿಯ ಪಾಲಾಯಿತು. ಹಿಂದಿ ವಾರ್ತೆ, ಇಂಗ್ಲಿಷ್ ವಾರ್ತೆ, 1984ರಿಂದ 'ಹಮ್ ಲೋಗ್'. ಕನ್ನಡಕ್ಕೆ ಸಿಕ್ಕಿದ್ದು ಸಂಜೆ.

ಭಾಷೆಯ ಹಟ ಒಂದು ಕಾರಣ. ಇನ್ನೊಂದು ಕಾರಣ ಯಂತ್ರದಲ್ಲೇ ಇದೆ, ಅದನ್ನು ಯಾರೂ ಅಷ್ಟು ಹೇಳೋದಿಲ್ಲ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ಮೇಲೆ ದೇಶದ ಸಣ್ಣಪುಟ್ಟ ಊರುಗಳಲ್ಲೆಲ್ಲ 100 ವ್ಯಾಟ್‌ನ ಮರುಪ್ರಸಾರ ಕೇಂದ್ರಗಳು ತೆರೆದವು. 1984 ಚುನಾವಣೆಯ ವರ್ಷ ಬೇರೆ. ಈ ಕೇಂದ್ರಗಳಲ್ಲಿ ಸ್ಟುಡಿಯೋ ಇಲ್ಲ, ಕ್ಯಾಮೆರಾ ಇಲ್ಲ. ಉಪಗ್ರಹದಿಂದ ಇಳಿದದ್ದನ್ನು ಸುತ್ತಮುತ್ತ ಹರಡುವುದಷ್ಟೇ ಕೆಲಸ. ಉಪಗ್ರಹಕ್ಕೆ ಏರುತ್ತಿದ್ದದ್ದು ಮುಖ್ಯವಾಗಿ ದೆಹಲಿಯ ಕಾರ್ಯಕ್ರಮ. ಬೆಂಗಳೂರಿನ ಕನ್ನಡ ಅಲ್ಲಿಗೆ ತಲುಪಬೇಕಾದರೆ ಬೇರೆ ಸಂಪರ್ಕ ಬೇಕಿತ್ತು. ಅಂದರೆ ಹಾಸನಕ್ಕೆ ಬೆಂಗಳೂರಿಗಿಂತ ದೆಹಲಿ ಹತ್ತಿರ!

ಇನ್ನು ಸಕಲೇಶಪುರ, ಆಲೂರಿನ ಗುಡ್ಡಗಳ ಕಥೆಯೇ ಬೇರೆ. ಟಿವಿಯ ಅಲೆಗಳು ನೇರ ಗೆರೆಯಲ್ಲಿ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗೀತು. ಹಾನುಬಾಳಿನಂಥ ಕಡೆ ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿ, ಒಬ್ಬ ಮೇಲೆ ತಿರುಗಿಸುತ್ತಾ ಇನ್ನೊಬ್ಬ ಒಳಗಿಂದ 'ಬಂತು, ಹೋಯ್ತು' ಅಂತ ಕೂಗಿದರೂ ಸಿಗುತ್ತಿದ್ದದ್ದು ಚುಕ್ಕೆ ತುಂಬಿದ ಚಿತ್ರ. ಅದೂ ಹಿಂದಿಯಲ್ಲಿ.

ಇದಕ್ಕೆ 'ಮಾಲ್ಗುಡಿ ಡೇಸ್'ಗಿಂತ ಒಳ್ಳೆಯ ಉದಾಹರಣೆ ಬೇಡ. ನಿರ್ದೇಶಕ ಶಂಕರ್ ನಾಗ್, ಚಿತ್ರೀಕರಣ ಆಗುಂಬೆಯಲ್ಲಿ, ತೆರೆಯ ಮೇಲೆ ಮಾಸ್ಟರ್ ಮಂಜುನಾಥ್, ಅನಂತ್ ನಾಗ್, ಗಿರೀಶ್ ಕಾರ್ನಾಡ್. ಮಳೆ ನಮ್ಮದು, ಮನೆ ನಮ್ಮದು, ಮುಖ ನಮ್ಮದು. ರಾಷ್ಟ್ರೀಯ ಜಾಲದಲ್ಲಿ ಅವರೆಲ್ಲ ಆಡಿದ್ದು ಮಾತ್ರ ಹಿಂದಿ.

ಉಪಗ್ರಹದಿಂದ ನೇರ ಮನೆಗೆ ಇಳಿಯುವ ಕನ್ನಡಕ್ಕೆ ಗುಡ್ಡ ಅಡ್ಡಿಯಲ್ಲ. ಆದರೆ ದೂರದರ್ಶನದ ಕನ್ನಡ ವಾಹಿನಿ, ಅಂದರೆ ಇವತ್ತಿನ ಚಂದನ, ರೂಪುಗೊಂಡದ್ದು 1990ರ ದಶಕದಲ್ಲಿ. ಅದೇ ದಶಕದಲ್ಲಿ, 1994ರಲ್ಲಿ ಖಾಸಗಿ ಉದಯ ಟಿವಿಯೂ ಬಂತು, ಕನ್ನಡದ ವೀಕ್ಷಕರು ರಾತ್ರಿ ಊಟದ ಹೊತ್ತಿಗೆ ಆ ಕಡೆ ತಿರುಗಿದರು.