ಗಣಕಯಂತ್ರಕ್ಕೆ ಚದುರಂಗ ಕಲಿಸುವ ಬಗೆ

ಚದುರಂಗವು ನಮ್ಮ ನಾಡಿಗೆ ಹೊಸ ಆಟವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸರ ವಿನೋದಗಳ ಸಾಲಿನಲ್ಲಿ ಈ ಆಟದ ವಿವರಣೆಯೂ ಬಂದಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು ಹಾಸಿನ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಬರುವಂತಹ ಬಂಧಗಳನ್ನು ರಚಿಸುವುದರಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ಅರಸರ ಅರಮನೆಯಲ್ಲಿ ನಡೆದ ಅದೇ ಕುದುರೆಯ ಸಮಸ್ಯೆಯು ಇಂದು ಗಣಕಯಂತ್ರದ ಕ್ರಮವಿಧಿ, ಅಂದರೆ ಪ್ರೋಗ್ರಾಮ್, ಬರೆಯಲು ಕಲಿಯುವ ವಿದ್ಯಾರ್ಥಿಗೆ ಒಂದು ಅಭ್ಯಾಸದ ಲೆಕ್ಕವಾಗಿದೆ. ಹೀಗೆ ಅರಸರ ವಿನೋದವು ಸಾಮಾನ್ಯರ ಮಕ್ಕಳ ಕೈಗೆ ಬಂದಿರುವುದು ಸಂತೋಷದ ಸಂಗತಿ.

ವೃತ್ತಿಯಿಂದ ತಂತ್ರಾಂಶ ತಯಾರಕನಲ್ಲದ, ಬಿಡುವಿನ ವೇಳೆಯಲ್ಲಿ ತನ್ನ ಸಂತೋಷಕ್ಕಾಗಿ ದುಡಿಯುವ ಹವ್ಯಾಸಿಯೊಬ್ಬನು ಚದುರಂಗದ ತಂತ್ರಾಂಶವನ್ನು ಹೇಗೆ ಕಟ್ಟುತ್ತಾನೆ, ಅಲ್ಲಿಂದ ಮೇಜಿನ ಗಣಕಯಂತ್ರದಲ್ಲಿ ನಡೆಯುವ ಇತರ ಉಪಯುಕ್ತ ತಂತ್ರಾಂಶಗಳ ಕಡೆಗೆ ಹೇಗೆ ಸಾಗುತ್ತಾನೆ ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ. ಈ ವಿದ್ಯೆಯಲ್ಲಿ ಸರಿ ತಪ್ಪುಗಳನ್ನು ಒರೆಗೆ ಹಚ್ಚುವ ಸಾಧನವು ಕಲಿಯುವವನ ಕೈಯಲ್ಲಿಯೇ ಇರುತ್ತದೆ. ಆದುದರಿಂದ ದೊಡ್ಡ ನಗರದಿಂದ ದೂರವಿರುವ ಶಾಲೆಗೂ ಇದು ನಿಲುಕತಕ್ಕದ್ದು. ಇದೇ ಈ ಲೇಖನದ ತಾತ್ಪರ್ಯ.

ಹಿಂದಿನವರು ನಡೆದ ದಾರಿ

ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಅವರು 1950ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಗಣಕಯಂತ್ರವು ಚದುರಂಗವಾಡುವ ವಿಧಾನವನ್ನು ನಿರೂಪಿಸಿದರು. ನಡೆಯಬಹುದಾದ ಆಟಗಳ ಸಂಖ್ಯೆಯು 1ರ ಮುಂದೆ 120 ಸೊನ್ನೆಗಳನ್ನಿಟ್ಟಷ್ಟು ದೊಡ್ಡದೆಂದು ಅಂದಾಜು ಮಾಡಿ, ಎಲ್ಲವನ್ನೂ ಎಣಿಸಿ ಆಡುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲವೆಂದು ತೋರಿಸಿದವರೂ ಅವರೇ. ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಅವರು ಡೇವಿಡ್ ಚಾಂಪರ್‌ನೌನ್ ಅವರೊಡನೆ 1948ರಲ್ಲಿಯೇ ಒಂದು ಕ್ರಮವಿಧಿಯನ್ನು ಯೋಜಿಸಿದ್ದರು. ಅದನ್ನು ನಡೆಸಬಲ್ಲ ಯಂತ್ರವು ಕೈಗೆ ಸಿಗದಿದ್ದಾಗ, 1952ರಲ್ಲಿ ಟ್ಯೂರಿಂಗರು ತಾವೇ ಯಂತ್ರದಂತೆ ಕುಳಿತು, ಕಾಗದದ ಮೇಲೆ ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬವರೊಡನೆ ಪೂರ್ಣ ಆಟವೊಂದನ್ನು ಆಡಿದರು. ಆಟದಲ್ಲಿ ಕ್ರಮವಿಧಿಗೆ ಸೋಲಾಯಿತು. ಆದರೆ ಯಂತ್ರವಿಲ್ಲದೆಯೂ ಕ್ರಮವಿಧಿಯನ್ನು ಬರೆದು ಪರೀಕ್ಷಿಸಬಹುದೆಂಬುದು ಸಿದ್ಧವಾಯಿತು.

ಮನೆಯ ಮಟ್ಟದ ಗಣಕಯಂತ್ರಗಳು ಆಗತಾನೆ ಬರುತ್ತಿದ್ದ 1976ರಲ್ಲಿ ಪೀಟರ್ ಜೆನಿಂಗ್ಸ್ ಅವರು ‘ಮೈಕ್ರೋಚೆಸ್’ ಎಂಬ ತಂತ್ರಾಂಶವನ್ನು ಸುಮಾರು ಒಂದು ಕಿಲೋಬೈಟಿನಷ್ಟೇ ಸ್ಮೃತಿಯಲ್ಲಿ ಅಡಗಿಸಿದರು. 1978ರಲ್ಲಿ ಡ್ಯಾನ್ ಮತ್ತು ಕ್ಯಾಥ್ಲೀನ್ ಸ್ಪ್ರಾಕ್ಲೆನ್ ದಂಪತಿಗಳ ‘ಸಾರ್ಗಾನ್’ ಹೊರಬಂದಿತು. 1997ರ ಮೇ ತಿಂಗಳಲ್ಲಿ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಯಂತ್ರವು ಆಗಿನ ವಿಶ್ವವಿಜೇತ ಗ್ಯಾರಿ ಕಾಸ್ಪರೋವ್ ಅವರನ್ನು ಆರು ಆಟಗಳ ಪಂದ್ಯದಲ್ಲಿ 3½–2½ ಅಂಕಗಳಿಂದ ಸೋಲಿಸಿದ್ದನ್ನು ಲೋಕವೇ ಬಲ್ಲದು. ಆ ಯಂತ್ರದ ಹಿಂದೆ ದೊಡ್ಡ ಸಂಸ್ಥೆಯೊಂದರ ಸಂಪತ್ತಿತ್ತು. 2008ರಲ್ಲಿ ಆರಂಭವಾದ ‘ಸ್ಟಾಕ್‌ಫಿಶ್’ ಆದರೋ ಟೋರ್ಡ್ ರೋಮ್‌ಸ್ಟಾಡ್, ಮಾರ್ಕೋ ಕೊಸ್ಟಾಲ್ಬಾ ಮೊದಲಾದ ಆಸಕ್ತರ ಸ್ವಯಂಪ್ರೇರಿತ ದುಡಿಮೆಯಿಂದ ಬೆಳೆದದ್ದು. ಅದರ ಮೂಲಬರಹವು ಯಾರು ಬೇಕಾದರೂ ಓದಿ ಕಲಿಯಲು ತೆರೆದಿದೆ.

ನಿಯಮಗಳ ಪಾಠ

ಹವ್ಯಾಸಿಯ ಮೊದಲ ಕೆಲಸವು ಯಂತ್ರಕ್ಕೆ ಚದುರಂಗದ ಹಾಸನ್ನು ಪರಿಚಯಿಸುವುದು. 64 ಮನೆಗಳನ್ನು 64 ಸಂಖ್ಯೆಗಳ ಸಾಲಾಗಿ ಬರೆದಿಟ್ಟರೆ ಸಾಕೆಂದು ತೋರುತ್ತದೆ. ಆದರೆ ಅಂಚಿನಲ್ಲಿರುವ ಕುದುರೆಯು ಹಾರಿದಾಗ ಹಾಸಿನ ಹೊರಗೆ ಬಿದ್ದಿತೋ, ಇನ್ನೊಂದು ಬದಿಗೆ ನುಸುಳಿತೋ ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಅದಕ್ಕಾಗಿ ಹೊಲದ ಸುತ್ತ ಬದು ಹಾಕಿದಂತೆ ಹಾಸಿನ ಸುತ್ತ ನಿಷಿದ್ಧ ಮನೆಗಳನ್ನು ಸೇರಿಸಿ, 12 ಸಾಲು 10 ಕಂಬಗಳ, ಒಟ್ಟು 120 ಮನೆಗಳ ಹಾಸನ್ನು ಮಾಡಿಕೊಳ್ಳುವ ಹಳೆಯ ಉಪಾಯವೊಂದುಂಟು. ಬದುವಿನ ಮೇಲೆ ಬಿದ್ದ ನಡೆಯನ್ನು ಯಂತ್ರವು ಕೂಡಲೇ ತಳ್ಳಿಹಾಕುತ್ತದೆ.

ಅನಂತರ ಪ್ರತಿಯೊಂದು ಕಾಯಿಯ ನಡೆಯನ್ನೂ ಕಲಿಸಬೇಕು. ಆನೆ, ಒಂಟೆ, ಮಂತ್ರಿಗಳ ನಡೆ ಸುಲಭ. ರಾಜನೂ ಆನೆಯೂ ಸೇರಿ ಕೋಟೆ ಕಟ್ಟುವ ನಿಯಮ, ಎರಡು ಮನೆ ಜಿಗಿದ ಕಾಲಾಳನ್ನು ಪಕ್ಕದ ಕಾಲಾಳು ಹಾದಿಯಲ್ಲೇ ಹಿಡಿಯುವ ನಿಯಮ, ತುದಿ ಮುಟ್ಟಿದ ಕಾಲಾಳಿಗೆ ಬಡ್ತಿ ಕೊಡುವ ನಿಯಮ — ಇವುಗಳಲ್ಲಿ ಎಡವದ ಹವ್ಯಾಸಿಯು ವಿರಳ. ಹಾಗಾದರೆ ಕಲಿಸಿದ್ದು ಸರಿಯಾಯಿತೆಂದು ತಿಳಿಯುವುದೆಂತು?

ಇಲ್ಲಿ ಒಂದು ಸೊಗಸಾದ ಒರೆಗಲ್ಲು ಇದೆ. ಆಟದ ಆರಂಭದಲ್ಲಿ ಬಿಳಿಯ ಪಕ್ಷಕ್ಕೆ 20 ನಡೆಗಳು ಸಾಧ್ಯ. ಅವುಗಳಲ್ಲಿ ಪ್ರತಿಯೊಂದಕ್ಕೂ ಕಪ್ಪು ಪಕ್ಷವು 20 ಉತ್ತರಗಳನ್ನು ಕೊಡಬಹುದಾದ್ದರಿಂದ ಎರಡು ನಡೆಗಳ ಕೊನೆಗೆ 400 ದಾರಿಗಳಾಗುತ್ತವೆ. ಮೂರು ನಡೆಗಳಿಗೆ 8,902; ನಾಲ್ಕಕ್ಕೆ 1,97,281; ಐದಕ್ಕೆ 48,65,609. ಈ ಸಂಖ್ಯೆಗಳು ಚದುರಂಗದ ನಿಯಮಗಳಿಂದಲೇ ಹುಟ್ಟಿದವು. ಯಾರ ಅಭಿಪ್ರಾಯಕ್ಕೂ ಒಳಪಡತಕ್ಕವಲ್ಲ. ಹವ್ಯಾಸಿಯ ತಂತ್ರಾಂಶವು ಮೂರು ನಡೆಗಳಿಗೆ 8,901 ಎಂದರೆ ಎಲ್ಲಿಯೋ ಒಂದು ದೋಷವಿದೆ. ಹಾಗೆಂದು ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಆರಂಭದ ಸ್ಥಿತಿಯಿಂದ ಎಣಿಸಿದರೆ ಕಾಲಾಳನ್ನು ಹಾದಿಯಲ್ಲಿ ಹಿಡಿಯುವ ಪ್ರಸಂಗವು ಐದನೆಯ ನಡೆಗೆ, ಕೋಟೆ ಕಟ್ಟುವ ಪ್ರಸಂಗವು ಏಳನೆಯ ನಡೆಗೆ ಮೊದಲ ಬಾರಿ ಬರುತ್ತವೆ. ಆದುದರಿಂದ ಮೊದಲ ನಡೆಯಲ್ಲಿಯೇ ಕೋಟೆ ಕಟ್ಟಲು ಅವಕಾಶವಿರುವ ಬೇರೆ ಜಟಿಲ ಸ್ಥಿತಿಗಳಿಂದಲೂ ಎಣಿಸಿ ನೋಡುತ್ತಾರೆ. ಪರೀಕ್ಷೆಯು ಯಾವುದನ್ನು ಪರೀಕ್ಷಿಸುತ್ತಿದೆಯೆಂದು ತಿಳಿದಿರುವುದೂ ವಿದ್ಯೆಯ ಭಾಗವೇ. ಶಿಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಾಲೋಚನೆಯ ಪಾಠ

ನಿಯಮ ಬಲ್ಲ ಯಂತ್ರವು ಇನ್ನೂ ಆಟಗಾರನಲ್ಲ. ಒಳ್ಳೆಯ ನಡೆ ಯಾವುದೆಂದು ತಿಳಿಯಲು ಅದಕ್ಕೆ ಬೆಲೆ ಕಟ್ಟುವುದನ್ನು ಕಲಿಸಬೇಕು. ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ 3, ಆನೆಗೆ 5, ಮಂತ್ರಿಗೆ 9 ಎಂಬುದು ರೂಢಿಯ ಬೆಲೆ. ಇದರ ಮೇಲೆ ಕುದುರೆಯು ನಡುಹಾಸಿನಲ್ಲಿದ್ದರೆ ಸ್ವಲ್ಪ ಹೆಚ್ಚು, ಮೂಲೆಯಲ್ಲಿದ್ದರೆ ಸ್ವಲ್ಪ ಕಡಿಮೆ ಎಂಬಂತಹ ತಿದ್ದುಪಡಿಗಳನ್ನು ಸೇರಿಸುತ್ತಾರೆ.

ಬಳಿಕ ಯಂತ್ರವು “ನಾನು ಹೀಗೆ ನಡೆದರೆ ಎದುರಾಳಿಯು ತನಗೆ ಅತ್ಯಂತ ಅನುಕೂಲವಾದ ಉತ್ತರವನ್ನೇ ಕೊಡುತ್ತಾನೆ” ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಒಂದು ಸ್ಥಿತಿಯಲ್ಲಿ ಸರಾಸರಿ 35 ನಡೆಗಳಿವೆಯೆಂದು ಹಿಡಿದರೆ ನಾಲ್ಕು ನಡೆಗಳ ಮುಂದಾಲೋಚನೆಗೆ 15,00,625 ಸ್ಥಿತಿಗಳನ್ನು ನೋಡಬೇಕಾಗುತ್ತದೆ. ಇಲ್ಲಿ ‘ಆಲ್ಫಾ–ಬೀಟಾ’ ಎಂಬ ಉಪಾಯವು ನೆರವಿಗೆ ಬರುತ್ತದೆ. ಒಂದು ನಡೆಗೆ ಎದುರಾಳಿಯಲ್ಲಿ ಒಂದೇ ಒಂದು ಘಾತಕ ಉತ್ತರವಿದೆಯೆಂದು ಗೊತ್ತಾದ ಮೇಲೆ ಆ ನಡೆಯ ಉಳಿದ ಉತ್ತರಗಳನ್ನು ನೋಡುವ ಅಗತ್ಯವಿಲ್ಲ. ಸಂತೆಯಲ್ಲಿ ಎತ್ತಿನ ಕಾಲು ಕುಂಟೆಂದು ಕಂಡ ರೈತನು ಅದರ ಹಲ್ಲು ಎಣಿಸಲು ನಿಲ್ಲುವುದಿಲ್ಲ. ನಡೆಗಳನ್ನು ಅತ್ಯುತ್ತಮ ಕ್ರಮದಲ್ಲಿ ನೋಡಿದರೆ ಅದೇ ನಾಲ್ಕು ನಡೆಗಳ ಲೆಕ್ಕವು 2,449 ಸ್ಥಿತಿಗಳಿಗೆ ಇಳಿಯುತ್ತದೆ. ಉತ್ತರ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ವ್ಯರ್ಥ ಶ್ರಮವನ್ನು ಬಿಟ್ಟು ಅಗತ್ಯವಾದ ಶ್ರಮವನ್ನು ಉಳಿಸಿಕೊಳ್ಳುವ ಈ ವಿವೇಕವು ಗಣಿತದಿಂದಲೇ ಸಿದ್ಧವಾಗಿದೆ.

ಮತ್ತೊಂದು ತೊಡಕುಂಟು. ನಾಲ್ಕನೆಯ ನಡೆಯಲ್ಲಿ ಮಂತ್ರಿಯು ಕಾಲಾಳನ್ನು ಹೊಡೆದಲ್ಲಿಗೆ ಲೆಕ್ಕ ನಿಂತರೆ ಒಂದು ಕಾಲಾಳಿನ ಲಾಭವಾಯಿತೆಂದು ಯಂತ್ರವು ಹಿಗ್ಗುತ್ತದೆ. ಐದನೆಯ ನಡೆಯಲ್ಲಿ ಆ ಮಂತ್ರಿಯೇ ಹೋಗಲಿರುವುದು ಅದಕ್ಕೆ ಕಾಣುವುದಿಲ್ಲ. ಆದುದರಿಂದ ಹೊಡೆದಾಟವು ಮುಗಿದು ಹಾಸು ಶಾಂತವಾಗುವವರೆಗೆ ಲೆಕ್ಕವನ್ನು ಮುಂದುವರಿಸಬೇಕೆಂಬ ನಿಯಮವನ್ನು ಅಳವಡಿಸುತ್ತಾರೆ.

ಪ್ರಗತಿಯನ್ನು ಅಳೆಯುವ ಪಾಠ

ಹವ್ಯಾಸಿಯು ಪ್ರತಿ ಸಂಜೆಯೂ ಏನಾದರೊಂದು ತಿದ್ದುಪಡಿ ಮಾಡುತ್ತಾನೆ. ತಂತ್ರಾಂಶವು ಉತ್ತಮವಾಯಿತೇ ಎಂದು ನಿರ್ಣಯಿಸಲು ಹಳೆಯ ರೂಪಕ್ಕೂ ಹೊಸ ರೂಪಕ್ಕೂ ಪಂದ್ಯ ನಡೆಸುತ್ತಾನೆ. ಹತ್ತು ಆಟಗಳಲ್ಲಿ ಹೊಸದು ಆರನ್ನು ಗೆದ್ದರೆ ಮನಸ್ಸು ಕುಣಿಯುತ್ತದೆ. ಆದರೆ ಸಮಬಲರಾದ ಇಬ್ಬರು, ಸಮವಾಗಿ ಮುಗಿಯದ ಹತ್ತು ಆಟಗಳನ್ನು ಆಡಿದಾಗ ಅವರಲ್ಲಿ ನಿರ್ದಿಷ್ಟನಾದ ಒಬ್ಬನು ಆರು ಅಥವಾ ಹೆಚ್ಚು ಆಟಗಳನ್ನು ಕೇವಲ ಅದೃಷ್ಟದಿಂದ ಗೆಲ್ಲುವ ಸಂಭವವು ನೂರಕ್ಕೆ ಸುಮಾರು 38! ನೂರರಲ್ಲಿ 55 ಗೆದ್ದರೂ ಸಂದೇಹ ಉಳಿಯುತ್ತದೆ. ಸಾವಿರದಲ್ಲಿ 550 ಗೆದ್ದರೆ ನಂಬಬಹುದು. ಸ್ಟಾಕ್‌ಫಿಶ್ ತಂಡದವರು 2013ರಿಂದ ಸ್ವಯಂಸೇವಕರ ಗಣಕಯಂತ್ರಗಳಲ್ಲಿ ಸಾವಿರಾರು ಆಟಗಳನ್ನು ಆಡಿಸಿ ನೋಡಿದ ಮೇಲೆಯೇ ತಿದ್ದುಪಡಿಗಳನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಮಾಡಿಕೊಂಡಿದ್ದಾರೆ. ತನ್ನ ಕೂಸಿನ ಮೇಲಿನ ಮೋಹವನ್ನು ಬದಿಗಿಟ್ಟು ಎಣಿಕೆಗೆ ತಲೆಬಾಗುವ ಈ ಶೀಲವನ್ನು ಉಪದೇಶದಿಂದ ಕಲಿಸುವುದು ಕಷ್ಟ. ಚದುರಂಗದ ತಂತ್ರಾಂಶವು ಅದನ್ನು ತಾನಾಗಿಯೇ ಕಲಿಸುತ್ತದೆ.

ಮೇಜಿನ ತಂತ್ರಾಂಶಗಳ ಕಡೆಗೆ

ಯಂತ್ರವು ಆಡಬಲ್ಲದಾದ ಮೇಲೆ ಇತರರಿಗೆ ಅದನ್ನು ತೋರಿಸಬೇಕೆಂಬ ಆಸೆ ಸಹಜ. ತೆರೆಯ ಮೇಲೆ ಹಾಸು ಮೂಡಬೇಕು, ಕಾಯಿಗಳು ಕೈಯಾಡಿಸಿದಂತೆ ಸರಿಯಬೇಕು, ಆಟವನ್ನು ಉಳಿಸಿಟ್ಟು ಮರುದಿನ ತೆರೆಯಬೇಕು. ಇಲ್ಲಿಂದ ಹವ್ಯಾಸಿಯು ಮೇಜಿನ ತಂತ್ರಾಂಶಗಳ ವಿದ್ಯೆಗೆ ಕಾಲಿಡುತ್ತಾನೆ. ಯಂತ್ರವು ಯೋಚಿಸುತ್ತಿರುವಾಗ ತೆರೆಯು ಮರಗಟ್ಟದಂತೆ ಯೋಚನೆಯನ್ನೂ ತೆರೆಯನ್ನೂ ಬೇರೆ ಬೇರೆ ಎಳೆಗಳಲ್ಲಿ ನಡೆಸಬೇಕೆಂದು ಅರಿಯುತ್ತಾನೆ. ಒಂದು ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಹೊಡೆದ ಕಾಯಿ ಯಾವುದು, ಕೋಟೆ ಕಟ್ಟುವ ಹಕ್ಕು ಉಳಿದಿತ್ತೇ ಮೊದಲಾದ ಹಿಂದಿನ ಸ್ಥಿತಿಯನ್ನು ಬರೆದಿಟ್ಟಿರಬೇಕು. ಶಾಲೆಯ ಶುಲ್ಕದ ವಹಿಯನ್ನೋ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನೋ ನಿರ್ವಹಿಸುವ ತಂತ್ರಾಂಶದಲ್ಲಿ ಗುಮಾಸ್ತರು ತಪ್ಪು ನಮೂದನ್ನು ರದ್ದುಗೊಳಿಸುವ ಸೌಲಭ್ಯಕ್ಕೂ ಇದೇ ತತ್ತ್ವವು ಆಧಾರ. ಆಟದಲ್ಲಿ ಕಲಿತದ್ದು ಕಚೇರಿಗೆ ಒದಗುವುದು ಹೀಗೆ.

ಆ ಪಟ್ಟಿಯಲ್ಲಿ ಕನ್ನಡದ ಹೆಸರುಗಳು ಬಂದಾಗ ಹೊಸ ಪಾಠವೊಂದು ಎದುರಾಗುತ್ತದೆ. 1991ರಿಂದ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನವಿದೆ. ‘ಕ್ಷ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಯಂತ್ರಕ್ಕೆ ಅದು ಮೂರು ಸಂಕೇತಗಳು. ‘ಸ್ತ್ರೀ’ ಎಂಬುದು ಆರು. ಇಂಗ್ಲಿಷಿನ ಲೆಕ್ಕದಲ್ಲಿ ಅಕ್ಷರ ಎಣಿಸುವ ತಂತ್ರಾಂಶವು ನಮ್ಮ ಮಕ್ಕಳ ಹೆಸರನ್ನು ನಡುವೆ ಕತ್ತರಿಸಿಬಿಡುತ್ತದೆ. ಇದನ್ನು ಸರಿಪಡಿಸಬೇಕೆಂಬ ಕಾಳಜಿಯು ಕನ್ನಡ ಬಲ್ಲವರಿಗೇ ಮೊದಲು ಹುಟ್ಟಬೇಕಷ್ಟೆ. ಹಾಗೆ ಹುಟ್ಟಿದ ಕಾಳಜಿಯ ಫಲಗಳನ್ನು ನಾವು ಉಂಡಿದ್ದೇವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ‘ನುಡಿ’ ತಂತ್ರಾಂಶದ ಮೂಲಕ ಸರಕಾರಿ ಕಚೇರಿಗಳಿಗೆಲ್ಲ ತಲುಪಿತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶವು ಉಚಿತವಾಗಿ ದೊರೆಯುತ್ತಿದ್ದ ವರ್ಷಗಳಲ್ಲಿ ದೇಶವಿದೇಶಗಳ ಅಸಂಖ್ಯ ಕನ್ನಡಿಗರು ಗಣಕಯಂತ್ರದಲ್ಲಿ ಮೊದಲ ಬಾರಿಗೆ ತಾಯ್ನುಡಿಯನ್ನು ಬರೆದರು. ದುಡಿಮೆಯನ್ನೇ ಪೂಜೆಯೆಂದು ಬಗೆಯುವುದು ಕಾಯಕ; ಅದರ ಫಲವನ್ನು ಸಮಾಜದೊಡನೆ ಹಂಚಿಕೊಳ್ಳುವುದು ದಾಸೋಹ. ಶರಣರ ಈ ಎರಡು ತತ್ತ್ವಗಳಿಗೆ ಇದಕ್ಕಿಂತ ಹೊಸ ಕಾಲದ ನಿದರ್ಶನ ಬೇಕಿಲ್ಲ.

ನಮ್ಮ ಶಾಲೆಗಳ ಮುಂದಿರುವ ಕೆಲಸ

ಸ್ಟಾಕ್‌ಫಿಶ್‌ನಂತಹ ಬಲಶಾಲಿ ಇರುವಾಗ ನಮ್ಮ ಹುಡುಗರು ದುರ್ಬಲ ತಂತ್ರಾಂಶವೊಂದನ್ನು ಏಕೆ ಬರೆಯಬೇಕು, ಕೃತಕ ಬುದ್ಧಿಮತ್ತೆಯೇ ಕ್ರಮವಿಧಿ ಬರೆದುಕೊಡುವ ಈ ದಿನಗಳಲ್ಲಿ ಕಲಿಯುವ ಅಗತ್ಯವೇನು ಎಂದು ಕೆಲವರು ಕೇಳಬಹುದು. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದರೂ ನಾವು ಮಕ್ಕಳಿಂದ ಲೆಕ್ಕ ಮಾಡಿಸುವುದನ್ನು ಬಿಟ್ಟಿಲ್ಲ. ಯಂತ್ರವು ಬರೆದುಕೊಟ್ಟದ್ದು 8,902 ಎನ್ನುತ್ತದೆಯೋ 8,901 ಎನ್ನುತ್ತದೆಯೋ ಎಂದು ಪರೀಕ್ಷಿಸಬೇಕೆಂಬ ಅರಿವಾದರೂ ಸ್ವತಃ ಕಟ್ಟಿದವನಿಗೆ ಬಂದಷ್ಟು ಇತರರಿಗೆ ಬಾರದು. ಬಳಸಲು ಮಾತ್ರ ಕಲಿತವನು ಯಂತ್ರವು ಹೇಳಿದ್ದನ್ನು ನಂಬಬೇಕಾಗುತ್ತದೆ.

ಕಣಕುಂಬಿ, ಜಾಂಬೋಟಿಯ ಕಡೆಯ ಹಳ್ಳಿಗಳ ಮಳೆಗಾಲವನ್ನು ಬಲ್ಲವರಿಗೆ ಅಲ್ಲಿನ ಮಕ್ಕಳ ಅಡಚಣೆಗಳು ಗೊತ್ತು. ಸಹ್ಯಾದ್ರಿಯ ಆ ಮಳೆಯಲ್ಲಿ ವಿದ್ಯುತ್ತು ನಿಂತರೆ ಗಣಕಯಂತ್ರವೂ ನಿಲ್ಲುತ್ತದೆ. ಆದರೆ ಟ್ಯೂರಿಂಗರ ಕಾಗದದ ಯಂತ್ರವು ನಿಲ್ಲತಕ್ಕದ್ದಲ್ಲ. ಮೂರು ನಡೆಗಳ ಎಣಿಕೆಯ ವಿಧಾನವನ್ನೂ ಕುದುರೆಯ ಸಂಚಾರವನ್ನೂ ಹಲಗೆಯ ಮೇಲೆ ಕಲಿಸಬಹುದು. ಹಳೆಯ ಗಣಕಯಂತ್ರವೊಂದು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಜೆನಿಂಗ್ಸರಿಗೆ ಒಂದು ಕಿಲೋಬೈಟು ಸಾಕಾಗಿತ್ತು.

ಆದುದರಿಂದ ಶಿಕ್ಷಕರಲ್ಲಿ ಒಂದು ಬಿನ್ನಹ: ವಾರಕ್ಕೆ ಎರಡು ಸಂಜೆ ಗಣಕಯಂತ್ರದ ಕೋಣೆಯ ಬಾಗಿಲು ತೆರೆದಿರಲಿ, ಅಲ್ಲಿ ಪಠ್ಯಕ್ಕೆ ಸೇರದ ಪ್ರಶ್ನೆಗಳಿಗೂ ಎಡೆಯಿರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವವರು ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳ ಪಕ್ಕದಲ್ಲಿ ಕುಳಿತು ಅವರ ಬರಹವನ್ನು ಓದಲಿ. ದಾನಿಗಳು ಯಂತ್ರವನ್ನು ಕೊಡುವಾಗ ಅದರ ದುರಸ್ತಿಗೂ ಬ್ಯಾಟರಿಗೂ ಒಂದು ಪಾಲನ್ನು ತೆಗೆದಿರಿಸಲಿ. ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಯಂತ್ರದಿಂದ ದಾನದ ಉದ್ದೇಶವು ಈಡೇರಲಾರದು.

ಕಣಕುಂಬಿಯಲ್ಲಿ ಸಣ್ಣ ತೊರೆಯಾಗಿ ಹುಟ್ಟುವ ಮಲಪ್ರಭೆಯು ಬಯಲುಸೀಮೆಯ ಹೊಲಗಳಿಗೆ ನೀರುಣಿಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಕಾಡಂಚಿನ ಹುಡುಗಿಯೊಬ್ಬಳು ತಾನು ಬರೆದ ಕ್ರಮವಿಧಿಯು 8,902 ಎಂದು ಸರಿಯಾಗಿ ಎಣಿಸಿದ್ದನ್ನು ಕಂಡ ದಿನ, ಅವಳ ಉತ್ತರಕ್ಕೂ ಜಗತ್ತಿನ ಯಾವುದೇ ವಿಶ್ವವಿದ್ಯಾಲಯದವರ ಉತ್ತರಕ್ಕೂ ಅಂತರವಿರುವುದಿಲ್ಲ. ಅಂತಹ ದಿನಗಳನ್ನು ನಮ್ಮ ಶಾಲೆಗಳಿಗೆ ತಂದುಕೊಡುವ ಹೊಣೆಯು ನಮ್ಮೆಲ್ಲರದು.