ಹಳೆಯ ಕ್ಯಾಸೆಟ್ಟಿನೊಳಗಿನ ದನಿ ಯಾರದು?

ನಮ್ಮ ದೇವದುರ್ಗ, ಮಾನ್ವಿ ಸೀಮೆಯ ಅನೇಕ ಮನೆಗಳಲ್ಲಿ ಹಳೆಯ ಟ್ರಂಕಿನ ತಳದಲ್ಲಿ ಒಂದು ಚೀಲ ಕ್ಯಾಸೆಟ್ಟುಗಳು ಬಿದ್ದಿರುತ್ತವೆ. ಅವುಗಳಲ್ಲಿ ಅಂಗಡಿಯಿಂದ ಕೊಂಡು ತಂದವು ಕೆಲವು. ಉಳಿದವು ಜಾತ್ರೆಯಲ್ಲಿ, ಪುರಾಣ ಮಂಗಲದ ರಾತ್ರಿಯಲ್ಲಿ, ಬಸವ ಜಯಂತಿಯ ವೇದಿಕೆಯ ಮುಂದೆ ಉತ್ಸಾಹಿಯೊಬ್ಬರು ಟೇಪ್ ರೆಕಾರ್ಡರನ್ನು ಇಟ್ಟು ತುಂಬಿಕೊಂಡವು. ಹಾಗೆ ತುಂಬಿಕೊಳ್ಳುವಾಗ ಗಾಯಕರ ಅಪ್ಪಣೆ ಕೇಳಿದವರು ಕಡಿಮೆ. ಕೇಳಬೇಕೆಂಬ ಅರಿವೂ ಆಗ ಇರಲಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಗದುಗಿನ ಪುಟ್ಟರಾಜ ಗವಾಯಿಗಳು, ವಚನಗಾಯನದಿಂದ ಹೆಸರಾದ ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರು ಮೊದಲಾದವರ ಹೆಸರುಗಳನ್ನು ಇಂತಹ ಪೆಟ್ಟಿಗೆಗಳ ಮೇಲೆ ನಾನು ಕಂಡಿದ್ದೇನೆ.

ಈ ಕ್ಯಾಸೆಟ್ಟುಗಳನ್ನು ಇಂದು ಅನೇಕ ತರುಣರು ಕಂಪ್ಯೂಟರಿಗೆ ಇಳಿಸಿ, ಸದ್ದುಗದ್ದಲವನ್ನು ತೆಗೆದು, ಮೊಬೈಲಿನಲ್ಲಿ ಹಂಚುತ್ತಿದ್ದಾರೆ. ಕಾರ್ಯವು ಶ್ಲಾಘನೀಯ. ಆದರೆ ಇದರಲ್ಲಿ ಎರಡು ಹೊಣೆಗಳುಂಟು. ದನಿಯನ್ನು ಕೆಡದಂತೆ ಉಳಿಸುವುದು ಒಂದು. ಆ ದನಿ ಯಾರದೆಂದು ಸರಿಯಾಗಿ ಗುರುತಿಸುವುದು ಮತ್ತೊಂದು. ಎರಡನೆಯದು ಎಷ್ಟು ಕಠಿಣ ಎಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಆ ತಪ್ಪನ್ನು ಓದುಗ ಬಂಧುಗಳ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಜಾಲಹಳ್ಳಿಯ ಭಕ್ತರೊಬ್ಬರು ಒಂದು ಕ್ಯಾಸೆಟ್ಟನ್ನು ನನ್ನಲ್ಲಿಗೆ ತಂದರು. ಪೆಟ್ಟಿಗೆಯ ಮೇಲೆ ‘ಮನ್ಸೂರ, ವಚನ’ ಎಂದು ಬರೆದಿತ್ತು. ಒಳಗಿನ ಕ್ಯಾಸೆಟ್ಟಿನ ಮೇಲೆ ಏನೂ ಬರೆದಿರಲಿಲ್ಲ. ಕೇಳಿದೆ. ಏರುದನಿ, ಹಾರ್ಮೋನಿಯಂ, ತಬಲ. ಮನ್ಸೂರರು ಹಾಡುತ್ತಿದ್ದ ವಚನಗಳೇ, ಅದೇ ಧಾಟಿ. ನನ್ನ ಮನಸ್ಸು ಆ ಹೆಸರನ್ನು ಒಪ್ಪಲು ಕಾದು ಕುಳಿತಿತ್ತು; ಒಪ್ಪಿಬಿಟ್ಟಿತು. ನೆರೆಯ ತರುಣನೊಬ್ಬ ಅದನ್ನು ಕಂಪ್ಯೂಟರಿಗೆ ಇಳಿಸಿ, ಟೇಪಿನ ಸುಯ್ಯೆಂಬ ಸದ್ದನ್ನು ತೆಗೆದು, ಹಾಡುಗಳ ನಡುವಣ ಮಾತು, ಕೆಮ್ಮು, ಮಕ್ಕಳ ಗಲಾಟೆಗಳನ್ನೆಲ್ಲ ನನ್ನ ಒಪ್ಪಿಗೆಯಿಂದಲೇ ಕತ್ತರಿಸಿ ಕೊಟ್ಟ.

ಶ್ರಾವಣ ಮಾಸದ ಒಂದು ಸಂಜೆ ಭಕ್ತರ ಮನೆಯ ಪಡಸಾಲೆಯಲ್ಲಿ ವಚನ ಚಿಂತನ ನಡೆದಾಗ, ‘ಇದು ಮನ್ಸೂರರ ಅಪರೂಪದ ಗಾಯನ’ ಎಂದು ಪೀಠಿಕೆ ಹಾಕಿ ಕೇಳಿಸಿದೆ. ಮೊದಲ ವಚನ ಮುಗಿಯುವ ಮುನ್ನವೇ ಹಿಂದೆ ಕುಳಿತಿದ್ದ ವೃದ್ಧ ತಾಯಿಯೊಬ್ಬರು ಎದ್ದು ನಿಂತರು. “ಅಯ್ನೋರೇ, ಇದು ಮನ್ಸೂರ ಅವರದಲ್ರಿ. ಇದು ನಮ್ಮನಿಯವರ ದನಿರಿ” ಎಂದರು. ಸಭೆ ಸ್ತಬ್ಧವಾಯಿತು. ಅವರ ಯಜಮಾನರು ಶಾಲಾ ಮಾಸ್ತರರಾಗಿದ್ದವರು. ರೇಡಿಯೋ ಕೇಳಿ ಕೇಳಿ ವಚನ ಹಾಡಲು ಕಲಿತವರು. ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಅವರ ದನಿ ಎಲ್ಲಿಯಾದರೂ ಉಳಿದಿದೆ ಎಂಬುದು ಆ ತಾಯಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ನಾನು ನಂಬಲಿಲ್ಲವೆಂದು ಒಪ್ಪಿಕೊಳ್ಳಬೇಕು. ದುಃಖದಲ್ಲಿ ಹಾಗೆ ಕೇಳಿಸಿರಬಹುದು ಎಂದುಕೊಂಡೆ. ಆದರೂ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಮೂಲ ಕ್ಯಾಸೆಟ್ಟನ್ನೇ ಹಾಕಿಸಿ ಕೇಳಿದೆವು. ಎರಡನೆಯ ಮಗ್ಗುಲಿನಲ್ಲಿ, ನಾವು ‘ಗದ್ದಲ’ವೆಂದು ಕತ್ತರಿಸಿದ್ದ ಜಾಗದಲ್ಲಿ, ಸಭಿಕರೊಬ್ಬರು “ಮಾಸ್ತರ, ಇನ್ನೊಂದು ಹಾಡ್ರಿ” ಎಂದು ಕೂಗಿದ್ದು ಸ್ಪಷ್ಟವಾಗಿತ್ತು. ಸಾಕ್ಷಿಯು ಟೇಪಿನಲ್ಲಿಯೇ ಇತ್ತು. ಶುದ್ಧಗೊಳಿಸುವ ಹೆಸರಿನಲ್ಲಿ ನಾವೇ ಅದನ್ನು ಅಳಿಸಿದ್ದೆವು. ಯಾರೋ ಒಮ್ಮೆ ಎರಡು ಕ್ಯಾಸೆಟ್ಟುಗಳನ್ನು ಕೇಳಿ, ತಿರುಗಿ ಇಡುವಾಗ ಪೆಟ್ಟಿಗೆಗಳನ್ನು ಅದಲುಬದಲು ಮಾಡಿರಬೇಕು.

ಇಂತಹ ಧ್ವನಿಮುದ್ರಣಗಳ ಪೂರ್ವಕಥೆ

ಕಛೇರಿಯನ್ನು ಖಾಸಗಿಯಾಗಿ ತುಂಬಿಕೊಳ್ಳುವ ಹವ್ಯಾಸವು ನಮ್ಮಲ್ಲಿ ಮಾತ್ರ ಇದ್ದುದಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್ಸನ್ ಎಂಬಾತ 1901ರಿಂದ 1903ರ ವರೆಗೆ ರಂಗದ ಮೇಲಿನ ಗಾಯನವನ್ನು ಮೇಣದ ಉರುಳೆಗಳಲ್ಲಿ ತುಂಬಿಕೊಂಡ. ಕೆಲವೇ ನಿಮಿಷಗಳ ಆ ತುಣುಕುಗಳಿಂದಲೇ ಆ ಕಾಲದ ಎಷ್ಟೋ ಗಾಯಕರು ರಂಗದ ಮೇಲೆ ಹೇಗೆ ಹಾಡುತ್ತಿದ್ದರೆಂಬುದು ಇಂದಿಗೆ ತಿಳಿಯುತ್ತದೆ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ 1969ರಲ್ಲಿ ಬಾಬ್ ಡಿಲನ್‌ರ ಹಾಡುಗಳ ಅನಧಿಕೃತ ತಟ್ಟೆಯೊಂದು ಹೊರಬಂದ ಮೇಲೆ ಇಂತಹವುಗಳಿಗೆ ‘ಬೂಟ್‌ಲೆಗ್’ ಎಂಬ ಹೆಸರು ರೂಢಿಯಾಯಿತು. ಬೂಟಿನೊಳಗೆ ಮದ್ಯವನ್ನು ಅಡಗಿಸಿ ಸಾಗಿಸುವುದರಿಂದ ಬಂದ ಶಬ್ದವಿದು. ಅವರಲ್ಲಿಯೂ ಯಾವ ಕಛೇರಿ, ಯಾವ ಊರು, ಯಾವ ದಿನ ಎಂಬುದು ತಪ್ಪಾಗಿ ಬರೆದಿರುವುದು ಸಾಮಾನ್ಯ. ಅದನ್ನು ಸರಿಪಡಿಸಲು ಆಯುಷ್ಯವನ್ನೇ ಸವೆಸಿದ ಹವ್ಯಾಸಿಗಳಿದ್ದಾರೆ.

ಹೆಸರಿನ ಗೊಂದಲವು ಧ್ವನಿಮುದ್ರಣದಷ್ಟೇ ಹಳೆಯದು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದಾಗ, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದರು. ಮುದ್ರಿಸಿದ ಮೂಲವು ತಟ್ಟೆಯಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಜಾತ್ರೆಯ ವೇದಿಕೆಯಲ್ಲಿ ಹಾಡಿದ ನಮ್ಮ ಮಾಸ್ತರರಿಗೆ ಅಂತಹ ಅವಕಾಶ ಸಿಗಲಿಲ್ಲ.

ಇತ್ತೀಚಿನ ಉದಾಹರಣೆಯೂ ಇದೆ. ಇಂಗ್ಲೆಂಡಿನ ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ಹೊರಬಂದವು; ವಿಮರ್ಶಕರು ಬಹುವಾಗಿ ಹೊಗಳಿದರು. 2007ರಲ್ಲಿ ಒಂದು ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಾಗ ಅದು ಬೇರೊಬ್ಬ ವಾದಕರ ಹೆಸರನ್ನು ತೋರಿಸಿತು. ಪರಿಶೀಲಿಸಲಾಗಿ ಅನ್ಯರ ವಾದನಗಳನ್ನೇ, ಕೆಲವೆಡೆ ವೇಗವನ್ನು ಬದಲಿಸಿ, ಆಕೆಯ ಹೆಸರಿನಲ್ಲಿ ಮಾರಿದ್ದು ಬಯಲಾಯಿತು. ಅದು ಮೋಸ, ನನ್ನದು ಅಜಾಗರೂಕತೆ. ಫಲ ಮಾತ್ರ ಒಂದೇ: ಒಬ್ಬರ ಶ್ರಮದ ಫಲ ಮತ್ತೊಬ್ಬರ ಹೆಸರಿಗೆ.

ತಾಳೆಗರಿಯ ಪಾಠ

ಮಠದಲ್ಲಿ ಬಾಲ್ಯದಿಂದ ತಾಳೆಗರಿ ಓದಿದ ನನಗೆ ಇದು ಹೊಳೆಯಬೇಕಾಗಿತ್ತು. ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಹಸ್ತಪ್ರತಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ತರುವಾಯದ ವಿದ್ವಾಂಸರು ಒಂದೇ ವಚನದ ಹಲವು ಪ್ರತಿಗಳನ್ನು ಎದುರಿಗಿಟ್ಟು ಪಾಠಾಂತರಗಳನ್ನು ಗುರುತಿಸಿದರು. ಶರಣರ ಅಂಕಿತವನ್ನು ಹಚ್ಚಿ ಯಾರೋ ಬರೆದ ಕೂಟ ವಚನಗಳನ್ನು ಬೇರ್ಪಡಿಸಿದರು. ‘ಕೂಡಲಸಂಗಮದೇವ’ ಎಂಬ ಅಂಕಿತವೊಂದೇ ಇದ್ದರೆ ಸಾಲದು; ಭಾಷೆ, ಭಾವ, ಪ್ರತಿಯ ಪ್ರಾಚೀನತೆ ಇವೆಲ್ಲ ಸಾಕ್ಷಿ ನುಡಿಯಬೇಕು. ಕ್ಯಾಸೆಟ್ಟಿನ ಮೇಲಿನ ಚೀಟಿಯೂ ಒಂದು ಅಂಕಿತವೇ. ಅದನ್ನು ಕಣ್ಣು ಮುಚ್ಚಿ ನಂಬಬಾರದು.

ಹಾಗಾದರೆ ಯಾವುದನ್ನು ನೋಡಬೇಕು? ಮೊದಲನೆಯದು ಕಾಲ. ರಾಜಗುರುಗಳು 1991ರಲ್ಲಿ, ಮನ್ಸೂರರು 1992ರ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ಅದರ ನಂತರದ ವರ್ಷದ ಜಾತ್ರೆಯ ಹೆಸರು ಚೀಟಿಯ ಮೇಲಿದ್ದರೆ ಚೀಟಿ ತಪ್ಪು, ಇಲ್ಲವೆ ಅದು ಹಳೆಯ ಟೇಪಿನ ನಕಲು. ಫಿಲಿಪ್ಸ್ ಕಂಪನಿಯು ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಅದಕ್ಕೂ ಮೊದಲಿನ ಗಾಯನವು ಕ್ಯಾಸೆಟ್ಟಿನಲ್ಲಿದ್ದರೆ ಅದೂ ನಕಲೇ. ಮೂಲವು ಸ್ಪೂಲ್ ಟೇಪಿನಲ್ಲಿಯೋ ತಟ್ಟೆಯಲ್ಲಿಯೋ ಇದ್ದಿರಬೇಕು.

ಎರಡನೆಯದು ಟೇಪಿನ ಒಳಗಿನ ಸಾಕ್ಷಿ. ನಿರೂಪಕರ ಮಾತು, ಸಭಿಕರ ಕೂಗು, ಗುಡಿಯ ಗಂಟೆ, ಪಕ್ಕವಾದ್ಯ, ಹಾರ್ಮೋನಿಯಂದ ಶ್ರುತಿ ಇವೆಲ್ಲ ಮಾತನಾಡುತ್ತವೆ. ಮೂರನೆಯದು ಹೋಲಿಕೆ. ಆಕಾಶವಾಣಿಯ ಅಥವಾ ಗ್ರಾಮಾಫೋನ್ ಕಂಪನಿಯ ಅಧಿಕೃತ ಮುದ್ರಣದೊಡನೆ ಇಟ್ಟು ಕೇಳಬೇಕು. ನಾಲ್ಕನೆಯದು ಬಲ್ಲವರ ಕಿವಿ. ಇದರಲ್ಲಿ ಸಂಗೀತ ವಿದ್ವಾಂಸರಷ್ಟೇ ಮನೆಯವರೂ ಪ್ರಮಾಣವೆಂಬುದನ್ನು ಆ ತಾಯಿ ನನಗೆ ಕಲಿಸಿದರು.

ವೇಗದ ಮೋಸ

ಮಾಸ್ತರರ ದನಿ ನನಗೆ ಮನ್ಸೂರರ ಏರುದನಿಯಂತೆ ಕೇಳಿಸಿದ್ದಕ್ಕೆ ಮತ್ತೊಂದು ಕಾರಣವಿತ್ತು. ಸೆಲ್ ಹಾಕಿ ನಡೆಸುವ ರೆಕಾರ್ಡರಿನಲ್ಲಿ ಸೆಲ್ಲಿನ ಕಸುವು ಕುಂದಿದಾಗ ಟೇಪು ನಿಧಾನವಾಗಿ ಓಡುತ್ತದೆ. ಅದನ್ನು ಮುಂದೆ ಸರಿಯಾದ ವೇಗದಲ್ಲಿ ಹಾಕಿದರೆ ದನಿ ತೆಳ್ಳಗಾಗಿ ಮೇಲೇರುತ್ತದೆ. ಆ ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಂದ ಶ್ರುತಿಯು ಮೊದಲಿನಿಂದ ಕೊನೆಯವರೆಗೆ ಸ್ವಲ್ಪಸ್ವಲ್ಪವೇ ಏರುತ್ತ ಹೋಗಿತ್ತು. ಕಂಠವು ಏರಬಹುದು, ಹಾರ್ಮೋನಿಯಂ ಏರಲಾರದು. ಏರಿದ್ದು ಸೆಲ್ಲಿನ ದೋಷದಿಂದ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಶ್ರುತಿಯು ಹಾರ್ಮೋನಿಯಂದ ಒಂದು ಮನೆಯಷ್ಟು ಸರಿಯುತ್ತದೆ. ವೇಗವನ್ನು ತಿದ್ದಿದ ಮೇಲೆ ದನಿ ಕೆಳಗಿಳಿದು, ದುಂಡಾಗಿ, ಯಾರಿಗೂ ಮನ್ಸೂರರದೆಂದು ಭ್ರಮೆ ಹುಟ್ಟದಂತಾಯಿತು.

ಬಲ್ಲವರು ಇದಕ್ಕೆ ಇನ್ನೊಂದು ಉಪಾಯವನ್ನೂ ಬಳಸುತ್ತಾರೆ. ಧ್ವನಿವರ್ಧಕದ ವಿದ್ಯುತ್ತಿನ ಗುಂಯ್ ಎಂಬ ಸದ್ದು ಟೇಪಿನಲ್ಲಿ ಸೇರಿರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಟೇಪಿನಲ್ಲಿ ಆ ಸದ್ದು 53 ಎಂದು ತೋರಿದರೆ ವೇಗವು ನೂರಕ್ಕೆ ಆರರಷ್ಟು ಹೆಚ್ಚಿದೆ ಎಂದರ್ಥ. ಆದರೆ ಹಿಂದಿನ ದಿನಗಳಲ್ಲಿ ವಿದ್ಯುತ್ತು 50ಕ್ಕೆ ಸರಿಯಾಗಿ ನಿಲ್ಲದೆ ಕೆಳಗಿಳಿಯುತ್ತಿದ್ದುದರಿಂದ ಇದೊಂದನ್ನೇ ನೆಚ್ಚದೆ ವಾದ್ಯದ ಶ್ರುತಿಯೊಡನೆ ಕೂಡಿಸಿ ನೋಡಬೇಕು.

ಉಳಿಸುವ ಕ್ರಮ

ಕ್ಯಾಸೆಟ್ಟಿನ ಟೇಪು ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನಂತಹ ಪುಡಿ. ತೇವ ತಗುಲಿದರೆ ಬೂಸು ಹಿಡಿಯುತ್ತದೆ, ಅಂಟು ಸಡಿಲವಾಗುತ್ತದೆ. ನಮ್ಮ ಬೇಸಿಗೆಯ ನಲವತ್ತು ದಾಟುವ ಬಿಸಿಲಿಗೆ ಹೊರಗವಚ ಸೊಟ್ಟಗಾಗುತ್ತದೆ. ಆದ್ದರಿಂದ ಮನೆಯವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಬೂಸು ಹಿಡಿದ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಎಲೆಗಳನ್ನು ಮುರಿದರೆ ಯಾರೂ ಅದರ ಮೇಲೆ ಅಚಾತುರ್ಯದಿಂದ ಬೇರೆ ತುಂಬಲಾರರು. ಕವಚ ಒಡೆದಿದ್ದರೆ ಟೇಪನ್ನು ಹೊಸ ಕವಚಕ್ಕೆ ವರ್ಗಾಯಿಸಬಹುದು. ಅಯಸ್ಕಾಂತವಿರುವ ಸ್ಪೀಕರುಗಳ ಬಳಿ ಕ್ಯಾಸೆಟ್ಟುಗಳನ್ನು ಇಡಬಾರದು.

ಕಂಪ್ಯೂಟರಿಗೆ ಇಳಿಸುವಾಗ ಯಂತ್ರದ ಹೆಡ್ಡನ್ನು ಒರೆಸಿ, ಟೇಪಿನ ಸದ್ದು ಅತ್ಯಂತ ಸ್ಪಷ್ಟವಾಗಿ ಕೇಳುವಂತೆ ಹೆಡ್ಡಿನ ಓರೆಯನ್ನು ಬಲ್ಲವರಿಂದ ಹೊಂದಿಸಿಕೊಳ್ಳಬೇಕು. ಧ್ವನಿ ಸಂಗ್ರಹಾಲಯಗಳು ಸಾಮಾನ್ಯವಾಗಿ 96 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣದಲ್ಲಿ ಇಳಿಸಿಕೊಳ್ಳುತ್ತವೆ. ಹೀಗೆ ಇಳಿಸಿದ ಮೊದಲ ಪ್ರತಿಯನ್ನು ಕೆಮ್ಮು, ಕೂಗು, ಗದ್ದಲ ಸಹಿತ ಯಥಾವತ್ತಾಗಿ ಕಾಯ್ದಿಡಬೇಕು. ಸದ್ದು ತೆಗೆಯುವುದು, ವೇಗ ತಿದ್ದುವುದು ಇತ್ಯಾದಿಗಳು ಅದರ ನಕಲಿನ ಮೇಲೆ ಮಾತ್ರ ನಡೆಯಬೇಕು. ಸುಯ್ಯೆಂಬ ಸದ್ದನ್ನು ಅತಿಯಾಗಿ ತೆಗೆದರೆ ತಂಬೂರಿಯ ಝೇಂಕಾರವೂ ಅದರೊಡನೆ ಹೋಗುತ್ತದೆ. ಕಂಪ್ಯೂಟರಿಗೆ ಇಳಿಸಿದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ನಾವು ಎಸೆದಿದ್ದರೆ ಆ ತಾಯಿಗೆ ತಮ್ಮ ಮಾತನ್ನು ಸಾಧಿಸಿ ತೋರಿಸುವ ದಾರಿಯೇ ಇರುತ್ತಿರಲಿಲ್ಲ.

ಇದು ಕಳವಲ್ಲವೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿಯಾಗಿ ಗಾಯಕ ವಾದಕರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆಯಿತು. 1999ರ ತಿದ್ದುಪಡಿಯಿಂದ ಅದರ ಅವಧಿ 50 ವರ್ಷಗಳಾಯಿತು. ಮನೆಯಲ್ಲಿ ಕೇಳುವುದು ಬೇರೆ; ಮಾರುವುದು, ಊರಿಗೆಲ್ಲ ಹಂಚುವುದು ಬೇರೆ. ಕಾಯಕದ ಹಿರಿಮೆಯನ್ನು ಸಾರುವ ಸಮಾಜದವರಾದ ನಾವು ಗಾಯಕರ ಕಾಯಕವನ್ನು ಅವರ ಕುಟುಂಬದ ಸಮ್ಮತಿಯಿಲ್ಲದೆ ಹಣ ಮಾಡಿಕೊಳ್ಳುವುದು ಉಚಿತವಲ್ಲ.

ಕಡೆಯ ಮಾತು

ಮುಂದಿನ ವಾರ ಅದೇ ಪಡಸಾಲೆಯಲ್ಲಿ, ಅದೇ ಜನರ ಮುಂದೆ, ನನ್ನ ತಪ್ಪನ್ನು ಹೇಳಿ ವೇಗ ತಿದ್ದಿದ ಪ್ರತಿಯನ್ನು ಕೇಳಿಸಿದೆ. ಆ ತಾಯಿ ಕಣ್ಣು ಮುಚ್ಚಿ ಕುಳಿತು ಪೂರ್ತಿ ಕೇಳಿದರು. ಮುಗಿದ ಮೇಲೆ “ಈಗ ಅವರ ದನಿ ಸರಿ ಆತ್ರಿ” ಎಂದಷ್ಟೇ ಹೇಳಿದರು. ಮನ್ಸೂರರ ಆ ಇನ್ನೊಂದು ಕ್ಯಾಸೆಟ್ಟು ಈವರೆಗೆ ಸಿಕ್ಕಿಲ್ಲ. ಬಹುಶಃ ಬೇರೆ ಯಾವುದೋ ಪೆಟ್ಟಿಗೆಯಲ್ಲಿ, ಬೇರೆ ಯಾರದೋ ಹೆಸರಿನಲ್ಲಿ ಕುಳಿತಿರಬೇಕು.

ಈಗ ನಾನು ಚೀಟಿ ಬರೆಯುವ ಕ್ರಮವೇ ಬದಲಾಗಿದೆ. ಪೆಟ್ಟಿಗೆಯ ಮೇಲೆ ಇದ್ದುದೇನು, ಒಳಗೆ ಕೇಳಿದ್ದೇನು, ಗುರುತಿಸಿದವರು ಯಾರು ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆಯುತ್ತೇನೆ. ಗೊತ್ತಿಲ್ಲದ ಕಡೆ ‘ಗಾಯಕರು ತಿಳಿದಿಲ್ಲ’ ಎಂದು ಬರೆಯಲು ನಾಚುವುದಿಲ್ಲ. ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳನ್ನು ಹೊರತೆಗೆಯಿರಿ. ಯಂತ್ರಕ್ಕೆ ಹಾಕುವ ಮೊದಲು ಮನೆಯ ಹಿರಿಯರನ್ನು ಬಳಿಯಲ್ಲಿ ಕೂಡಿಸಿಕೊಳ್ಳಿರಿ. ಅವರು ಹೇಳಿದ್ದನ್ನು ಅಂದೇ ಬರೆದಿಡಿರಿ. ಟೇಪು ಇನ್ನೂ ಕೆಲವು ವರ್ಷ ತಾಳಬಹುದು. ಆ ದನಿಯನ್ನು ಗುರುತು ಹಿಡಿಯಬಲ್ಲವರು ಅಷ್ಟು ದಿನ ನಮ್ಮೊಡನೆ ಇರುವರೆಂಬ ಭರವಸೆಯಿಲ್ಲ.