ಕಪ್ಪೆಯ ಮೊಟ್ಟೆಯಲ್ಲಿ ತಾಯಿಯ ಬುತ್ತಿ

ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಸಣ್ಣ ಪಟ್ಟಿಯಿಂದ ಮನೆಯಲ್ಲೇ ಗರ್ಭಧಾರಣೆಯನ್ನು ತಿಳಿದುಕೊಳ್ಳಬಹುದು. ಆದರೆ 1930ರ ದಶಕದಿಂದ 1960ರ ದಶಕದ ವರೆಗೆ ಹಲವು ದೇಶಗಳಲ್ಲಿ ಈ ಸಿಹಿ ಸುದ್ದಿಯನ್ನು ತಿಳಿಸುತ್ತಿದ್ದುದು ಒಂದು ಕಪ್ಪೆ! ಸ್ತ್ರೀಯ ಮೂತ್ರವನ್ನು ದಕ್ಷಿಣ ಆಫ್ರಿಕಾದ ಉಗುರುಗಪ್ಪೆಗೆ ಚುಚ್ಚುತ್ತಿದ್ದರು. ಆಕೆ ಗರ್ಭಿಣಿಯಾಗಿದ್ದರೆ ಒಂದು ದಿನದೊಳಗೆ ಕಪ್ಪೆ ಮೊಟ್ಟೆ ಇಡುತ್ತಿತ್ತು. ಹೀಗೆ ಪ್ರಯೋಗಾಲಯಗಳನ್ನು ಸೇರಿದ ಝೆನೋಪಸ್ ಎಂಬ ಈ ಕಪ್ಪೆ, ಭ್ರೂಣದ ಬೆಳವಣಿಗೆಯ ಅನೇಕ ಗುಟ್ಟುಗಳನ್ನು ತಿಳಿಸಿಕೊಟ್ಟಿದೆ. ಬಿಸಿ ತಗಲಿದಾಗ ಎಳೆಯ ಭ್ರೂಣಕ್ಕೆ ಏನಾಗುತ್ತದೆ ಎಂಬುದು ಅವುಗಳಲ್ಲೊಂದು.

ಕಪ್ಪೆಯ ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಲೋಳೆಯ ಹೊದಿಕೆಯೊಂದಿಗೆ ಅದು ನೀರಿನಲ್ಲಿರುತ್ತದೆ. ನೀರು ಬಿಸಿಯಾದರೆ ಅದೂ ಬಿಸಿಯಾಗುತ್ತದೆ.

ಕಾವಲಿಯ ಮೇಲೆ ಒಡೆದು ಹಾಕಿದ ಕೋಳಿಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದನ್ನು ನೀವು ನೋಡಿದ್ದೀರಿ. ಬಿಸಿಗೆ ಅದರ ಪ್ರೋಟೀನುಗಳು ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಜೀವಕೋಶದೊಳಗೂ ಇಂಥದೇ ಅಪಾಯವಿದೆ. ಅದನ್ನು ತಡೆಯಲು ಜೀವಕೋಶಗಳು ಶಾಖಾಘಾತ ಪ್ರೋಟೀನುಗಳೆಂಬ ರಕ್ಷಕರನ್ನು ತಯಾರಿಸುತ್ತವೆ. ಮಡಿಕೆ ಬಿಚ್ಚಿದ ಪ್ರೋಟೀನುಗಳು ಅಂಟಿಕೊಳ್ಳದಂತೆ ಇವು ಕಾಯುತ್ತವೆ, ಮತ್ತೆ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತವೆ. ಇದರ ಮೊದಲ ಸುಳಿವು ದೊರೆತದ್ದು ಆಕಸ್ಮಿಕವಾಗಿ. ಹಣ್ಣುನೊಣಗಳಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಏರಿಸಿದ್ದರಿಂದ ಅವುಗಳ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಕಂಡುಬಂದವು. ಇಟಲಿಯ ವಿಜ್ಞಾನಿ ಫೆರುಚಿಯೊ ರಿಟೋಸಾ 1962ರಲ್ಲಿ ಇದನ್ನು ಪ್ರಕಟಿಸಿದರು.

ಮೊದಲ ಏಳು ಗಂಟೆಗಳು

ಉಗುರುಗಪ್ಪೆಯ ಭ್ರೂಣಕ್ಕೆ ಸುಮಾರು 22 ಡಿಗ್ರಿ ಸೆಲ್ಸಿಯಸ್ ಹಿತಕರ. 33ರಿಂದ 35 ಡಿಗ್ರಿಗೆ ಏರಿದರೆ ಅದು ಆಘಾತ. ಫಲಿತಗೊಂಡ ಮೊಟ್ಟೆ ಒಂದೂವರೆ ಗಂಟೆಯಲ್ಲಿ ಎರಡಾಗುತ್ತದೆ. ಬಳಿಕ ಸುಮಾರು ಅರ್ಧ ಗಂಟೆಗೊಮ್ಮೆ ವಿಭಜನೆಗೊಂಡು, ಏಳು ಗಂಟೆಗಳಲ್ಲಿ ಸುಮಾರು 4,000 ಜೀವಕೋಶಗಳಾಗುತ್ತದೆ. ಅಲ್ಲಿಯ ತನಕ ಭ್ರೂಣದ ಸ್ವಂತ ವಂಶವಾಹಿಗಳು ಬಹುತೇಕ ಮೌನವಾಗಿರುತ್ತವೆ. ಬಿಸಿ ತಗಲಿದರೂ ಅದು ಹೊಸದಾಗಿ ರಕ್ಷಕ ಪ್ರೋಟೀನನ್ನು ತಯಾರಿಸಲಾರದು. ತಾಯಿ ಮೊಟ್ಟೆಯೊಳಗೆ ಕಟ್ಟಿಕೊಟ್ಟ ಬುತ್ತಿಯೇ ಅದಕ್ಕೆ ಗತಿ. ಆ ಬುತ್ತಿಯಲ್ಲಿ ಒಂದಷ್ಟು ರಕ್ಷಕ ಪ್ರೋಟೀನೂ ಇರುತ್ತದೆ. ಆದರೂ ಈ ಹಂತದ ಭ್ರೂಣ ಬಿಸಿಗೆ ಬಹುಬೇಗ ಬಲಿಯಾಗುತ್ತದೆ.

ವಂಶವಾಹಿಗಳು ಎಚ್ಚರಗೊಂಡೊಡನೆ ಸ್ಥಿತಿ ಬದಲಾಗುತ್ತದೆ. ಆಗ ಭ್ರೂಣ ತನ್ನ ರಕ್ಷಕರನ್ನು ತಾನೇ ತಯಾರಿಸಬಲ್ಲದು. ಮೊದಲು ಸ್ವಲ್ಪ ಬಿಸಿಯನ್ನು ಅನುಭವಿಸಿದ ಭ್ರೂಣ, ಬಳಿಕ ಹೆಚ್ಚಿನ ಬಿಸಿಯನ್ನೂ ತಾಳಿಕೊಳ್ಳುತ್ತದೆ. ರಕ್ಷಕರಲ್ಲಿ ಇನ್ನೊಂದು ಬಗೆಯವು ಒಂದು ದಿನಕ್ಕೂ ಹೆಚ್ಚು ಕಳೆದ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ. ಬೆನ್ನಿನ ಸ್ನಾಯು ಮತ್ತು ಮೂಳೆಯಾಗುವ ಕಟ್ಟುಗಳು ಸಾಲಾಗಿ ಮೂಡುವ ಹೊತ್ತಿಗೆ ಬಿಸಿ ತಗಲಿದರೆ ಏನಾಗುತ್ತದೆಂಬುದನ್ನು 1976ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆಗಲೇ ಮೂಡಿದ ಕಟ್ಟುಗಳು ಕೆಡಲಿಲ್ಲ. ಕೆಲವು ಗಂಟೆಗಳ ಬಳಿಕ ಮೂಡಬೇಕಾಗಿದ್ದವು ಅಸ್ತವ್ಯಸ್ತಗೊಂಡವು. ಹಾನಿ ಎಲ್ಲಿ ಎಂಬುದನ್ನು ಬಿಸಿ ತಗಲಿದ ಹೊತ್ತೇ ನಿರ್ಧರಿಸುತ್ತದೆ.

ತಾಯಂದಿರ ಗಮನಕ್ಕೆ

ಮನುಷ್ಯ ಶಿಶು ತಾಯಿಯ ಗರ್ಭದಲ್ಲಿ ಸುರಕ್ಷಿತವಾಗಿದೆ, ನಿಜ. ಆದರೆ ತಾಯಿಯ ಮೈ ಕಾದರೆ ಅದಕ್ಕೂ ಕಾವು ತಗಲುತ್ತದೆ. ಮೆದುಳು ಮತ್ತು ಬೆನ್ನುಹುರಿಯಾಗುವ ನಾಳವು ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಈ ಅವಧಿಯ ತೀವ್ರ ಜ್ವರವು ಆ ನಾಳದ ದೋಷದ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಹೆದರಬೇಕಾಗಿಲ್ಲ, ಜ್ವರ ಬಂದ ಹೆಚ್ಚಿನ ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಉದಾಸೀನ ಸಲ್ಲದು. ಕೂಡಲೇ ವೈದ್ಯರನ್ನು ಕಂಡು ಜ್ವರ ಇಳಿಸಿಕೊಳ್ಳಬೇಕು. ಮಗು ಬೇಕೆಂದಿರುವವರು ಮುಂಚಿತವಾಗಿಯೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಒಳ್ಳೆಯದು. ರಮಝಾನ್‌ನಲ್ಲೂ ರೋಗಿಗೆ ಮತ್ತು ಗರ್ಭಿಣಿಗೆ ಉಪವಾಸದಲ್ಲಿ ರಿಯಾಯಿತಿಯಿದೆ. ಆ ಅನುಗ್ರಹವನ್ನು ಸಂಕೋಚವಿಲ್ಲದೆ ಸ್ವೀಕರಿಸಬೇಕು.

2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ, ಕಪ್ಪೆಯಂಥ ಉಭಯವಾಸಿಗಳಲ್ಲಿ ಶೇ. 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ಭೂಮಿಯ ಕಾವು ಏರುತ್ತಿರುವುದೂ ಇದಕ್ಕೆ ಒಂದು ಕಾರಣ. ಸೃಷ್ಟಿಕರ್ತನು ಆ ಪುಟ್ಟ ಮೊಟ್ಟೆಗೂ ಏಳು ಗಂಟೆಗಳ ಬುತ್ತಿಯನ್ನು ಮರೆಯದೆ ಇಟ್ಟಿದ್ದಾನೆ. ಅದು ಬೆಳೆಯುವ ನೀರನ್ನು ತಂಪಾಗಿ ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದು.